ಹಳೆಯ ಚಿತ್ರಕ್ಕೆ ಹೊಸ ಬಣ್ಣ ಬಳಿಯಬೇಡಿ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಮಂಚದ ಕೆಳಗಿನ ಟ್ರಂಕು ಎಳೆದು ಒಂದು ಇಂದ್ರಜಾಲ ಕಾಮಿಕ್ಸ್ ಹೊರತೆಗೆದಳು. ಕನ್ನಡದ್ದು. ನಾನು ಸಣ್ಣವನಿದ್ದಾಗ ಹುಬ್ಬಳ್ಳಿಯ ಸೋದರಮಾವ ಅಂಬರನಾಥಕ್ಕೆ ಬಂದಾಗಲೆಲ್ಲ ಚೀಲದ ತಳದಲ್ಲಿ ಇಟ್ಟು ತರುತ್ತಿದ್ದ ಪುಸ್ತಕಗಳಲ್ಲಿ ಅದೂ ಒಂದು. ಪಿನ್ನಿಗೆ ತುಕ್ಕು ಹಿಡಿದು ನಡುವಿನ ಹಾಳೆಗಳಲ್ಲಿ ಕಂದು ಕಲೆ ಬಿದ್ದಿದೆ. ಹುಡುಗಿ ಓದುವುದು ಇಂಗ್ಲಿಷ್ ಶಾಲೆಯಲ್ಲಿ, ಬಿಲ್ಡಿಂಗ್ ಕೆಳಗೆ ಆಡುವುದು ಮರಾಠಿಯಲ್ಲಿ. ಕನ್ನಡ ಅಕ್ಷರ ಕೂಡಿಸಿ ಓದಲು ಅವಳು ಕಲಿತದ್ದು ಈ ಕಾಮಿಕ್ಸ್‌ನ ಮಾತಿನ ಗುಳ್ಳೆಗಳಲ್ಲೇ. ಅಂದು ಅವಳ ಕೈಗೆ ಸಿಕ್ಕದ್ದು ಲೋಥರ್ ಎಂಬ ಜೊತೆಗಾರನಿರುವ ಜಾದೂಗಾರ ಮಾಂಡ್ರೇಕ್‌ನ ಕಥೆ. ನಾಲ್ಕು ಪುಟ ಓದಿ ಬೆರಳಿಟ್ಟು ಕೇಳಿದಳು:

“ಅಜ್ಜಾ, ಮಾಂಡ್ರೇಕ್ ಕೋಟು ಹಾಕ್ಯಾನ, ಉದ್ದನ ಟೋಪಿ ಹಾಕ್ಯಾನ. ಲೋಥರ್‌ಗ ಮಾತ್ರ ಯಾಕ ಚಿರತಿ ತೊಗಲು?”

“ಬರದವರ ಕಣ್ಣಿಗೆ ಆಫ್ರಿಕಾದ ಮನುಷ್ಯಾ ಅಂದ್ರ ಹಂಗ ಕಾಣ್ತಿದ್ದ, ಪುಟ್ಟಿ.”

“ಆದ್ರ ಅವ ರಾಜಕುಮಾರ ಅಂತೀಯಲ್ಲ?”

ಐವತ್ತು ವರ್ಷಗಳಲ್ಲಿ ಆ ಪುಸ್ತಕವನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಆ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಹತ್ತು ವರ್ಷದ ಹುಡುಗಿಗೆ ಹೊಳೆಯಿತು. ಹೊಳೆದದ್ದು ಆ ಚಿತ್ರ ಹಾಗೆಯೇ ಉಳಿದಿದ್ದರಿಂದ.

ಹಳೆಯ ಕಾಮಿಕ್ಸ್ ಪಾತ್ರಗಳನ್ನು ಇಂದಿನ ಮಕ್ಕಳಿಗೆ ಹೇಗೆ ಕೊಡಬೇಕು ಎಂಬ ಜಗಳ ಈಗ ಎಲ್ಲೆಡೆ ನಡೆದಿದೆ. 2023ರ ಫೆಬ್ರವರಿಯಲ್ಲಿ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳ ಮಾತುಗಳನ್ನು ಪ್ರಕಾಶಕರು ತಿದ್ದಿದರು. ಪ್ರಪಂಚವೇ ಗದ್ದಲ ಎಬ್ಬಿಸಿದ ಮೇಲೆ ಹಳೆಯ ಪಾಠವನ್ನೂ ಮುದ್ರಿಸುತ್ತೇವೆ ಎಂದರು. ನಮ್ಮಲ್ಲಿ ಟಿಂಕಲ್‌ನ ಶಿಕಾರಿ ಶಂಭು ಬಂದೂಕು ಕೆಳಗಿಟ್ಟ. ಸುಪ್ಪಾಂಡಿಯನ್ನು ಮುಂದಿಟ್ಟುಕೊಂಡು, ಮನೆಗೆಲಸದವನನ್ನು ದಡ್ಡನೆಂದು ತೋರಿಸಿ ನಗಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಒಂದು ಗುಂಪು ‘ತಿದ್ದಿ’ ಎನ್ನುತ್ತದೆ, ಇನ್ನೊಂದು ‘ಮುಟ್ಟಲೇಬೇಡಿ, ನಮ್ಮ ಬಾಲ್ಯ ಅದು’ ಎನ್ನುತ್ತದೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಹೊಸ ಕಥೆಯಲ್ಲಿ ಏನು ಬೇಕಾದರೂ ಬದಲಾಯಿಸಿ, ಅದು ಬರೆಯುವವನ ಹಕ್ಕು. ಅಚ್ಚಾಗಿ ಹೋದ ಹಳೆಯ ಪುಟವನ್ನು ಮಾತ್ರ ಗುಟ್ಟಾಗಿ ತಿದ್ದಬಾರದು. ಮರುಮುದ್ರಿಸಿದರೆ ಇದ್ದ ಹಾಗೆಯೇ ಮುದ್ರಿಸಿ, ಅದರಲ್ಲಿನ ತಪ್ಪನ್ನು ಮೊದಲ ಪುಟದಲ್ಲೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

ಗುಟ್ಟಾಗಿ ತಿದ್ದಿದರೆ ಆಗುವ ನಷ್ಟವನ್ನು ನಾವು ಭಾರತದ ಓದುಗರು ಈಗಾಗಲೇ ಅನುಭವಿಸಿದ್ದೇವೆ. ಲೀ ಫಾಕ್ 1936ರಲ್ಲಿ ಫ್ಯಾಂಟಮ್‌ನನ್ನು ಸೃಷ್ಟಿಸಿದಾಗ ಆತನ ಕಾಡಿದ್ದ ನಾಡಿನ ಹೆಸರು ಬೆಂಗಾಲಿ. ಆತನ ವಂಶಕ್ಕೆ ಆಜನ್ಮ ವೈರಿಗಳಾದ ಕಡಲ್ಗಳ್ಳರ ಹೆಸರು ಸಿಂಗ್. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ನಾವು ಅದರಲ್ಲಿ ಓದಿದ್ದು ಡೆಂಕಾಲಿ ಮತ್ತು ಸಿಂಗಾ ಎಂದು. ಓದುಗರ ಮನಸ್ಸು ನೋಯದಿರಲಿ ಎಂದೇ ಹೀಗೆ ಮಾಡಿರಬೇಕು, ಉದ್ದೇಶ ಒಳ್ಳೆಯದೇ. ಪರಿಣಾಮ ನೋಡಿ. ಅಮೆರಿಕದ ಒಬ್ಬ ಲೇಖಕನ ಕಲ್ಪನೆಯಲ್ಲಿ ಕಡಲ್ಗಳ್ಳನಿಗೆ ನಮ್ಮವರ ಹೆಸರು ಎಷ್ಟು ಸಲೀಸಾಗಿ ಅಂಟಿಕೊಂಡಿತ್ತು ಎಂಬುದು ಎರಡು ತಲೆಮಾರಿನ ಭಾರತೀಯ ಮಕ್ಕಳಿಗೆ ಗೊತ್ತೇ ಆಗಲಿಲ್ಲ. ಆ ಕಾಡಿನ ಬಾಂಡಾರ ಬುಡಕಟ್ಟಿನವರ ನಡುವೆ ಸಿಂಹಾಸನದಲ್ಲಿ ಕುಳಿತು ತೀರ್ಪು ಕೊಡುವ ಬಿಳಿಯನನ್ನು ನಮ್ಮ ಪಾಲಿನ ದೇವರೆಂದುಕೊಂಡು ಬೆಳೆದೆವು. ಆ ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರೇ ಉಳಿದಿದ್ದರೆ ನಮ್ಮಲ್ಲಿ ಯಾರೋ ಒಬ್ಬ ಹುಡುಗ ಪುಟದ ಮೇಲೆ ಬೆರಳಿಟ್ಟು ‘ಯಾಕೆ’ ಎಂದು ಕೇಳುತ್ತಿದ್ದ. ಆ ಪ್ರಶ್ನೆಯನ್ನು ನಮ್ಮ ಬಾಯಿಂದ ಮೊದಲೇ ಕಿತ್ತುಕೊಂಡಿದ್ದರು.

ಲೋಥರ್‌ನ ವಿಷಯ ಇದಕ್ಕೆ ವಿರುದ್ಧ. ಮಾಂಡ್ರೇಕ್ 1934ರಲ್ಲಿ ಶುರುವಾದಾಗಿನಿಂದ ಚಿತ್ರ ಬರೆದ ಫಿಲ್ ಡೇವಿಸ್ 1964ರಲ್ಲಿ ತೀರಿಕೊಂಡರು. ಮರುವರ್ಷ ಫ್ರೆಡ್ ಫ್ರೆಡೆರಿಕ್ಸ್ ಬಂದರು. ಲೋಥರ್‌ನ ಹರಕುಮುರುಕು ಇಂಗ್ಲಿಷ್ ಹೋಗಿ ನೆಟ್ಟಗಿನ ಮಾತು ಬಂತು, ಉಡುಪು ಮೆಲ್ಲಮೆಲ್ಲನೆ ಬದಲಾಯಿತು, ಸೇವಕನಂತಿದ್ದವನು ಗೆಳೆಯನಾದ. ಇದೆಲ್ಲ ನಡೆದದ್ದು ಹೊಸ ಕಥೆಗಳಲ್ಲಿ, ಎಲ್ಲರ ಕಣ್ಣೆದುರಿಗೆ. ಹಳೆಯ ಪಟ್ಟಿಗಳು ಹಳೆಯವಾಗಿಯೇ ಉಳಿದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವನಿಗೆ ಮೂವತ್ತು ವರ್ಷಗಳಲ್ಲಿ ಲೋಕ ಎಷ್ಟು ದೂರ ಬಂತು ಎಂಬುದು ಪಾಠವಿಲ್ಲದೆ ತಿಳಿಯುತ್ತದೆ. ಶಂಭುವಿನ ಬಂದೂಕನ್ನೂ ನಾನು ಈ ಲೆಕ್ಕಕ್ಕೇ ಸೇರಿಸುತ್ತೇನೆ. 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ, 1983ರಲ್ಲಿ ಹುಟ್ಟಿದ ಈ ಪುಕ್ಕಲು ಬೇಟೆಗಾರ ಇನ್ನೂ ಎಷ್ಟು ಕಾಲ ಹೆಗಲಿಗೆ ಬಂದೂಕು ಹಾಕಿಕೊಂಡು ತಿರುಗಬೇಕಿತ್ತು? ಇಂದಿನ ಕಥೆಯಲ್ಲಿ ಅವನು ಬರಿಗೈಯಲ್ಲಿ ಓಡಲಿ. ಆದರೆ ವಸಂತ ಹಳಬೆ ಬಿಡಿಸಿದ ಹಳೆಯ ಪುಟಗಳಿಂದ ಬಂದೂಕು ಅಳಿಸುತ್ತೇನೆ ಎಂದು ಯಾರಾದರೂ ಹೊರಟರೆ ಅದು ತೀರಿಕೊಂಡ ಕಲಾವಿದನ ಕೈ ಹಿಡಿದು ಬಲವಂತವಾಗಿ ಬರೆಸಿದಂತೆ.

ನಮ್ಮೂರು ಅಂಬರನಾಥದ ಶಿವಮಂದಿರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಲಧುನಿ ನದಿಯ ದಂಡೆಯ ಮೇಲೆ 1060ರಲ್ಲಿ ಶಿಲಾಹಾರ ಮುಮ್ಮುಣಿಯ ಕಾಲಕ್ಕೆ ಆದ ಗುಡಿ. ಶಿಖರ ಮುರಿದಿದೆ. ಹೊರಗೋಡೆಯ ಶಿಲ್ಪಗಳಲ್ಲಿ ಎಷ್ಟಕ್ಕೋ ಮೂಗಿಲ್ಲ, ಎಷ್ಟಕ್ಕೋ ಕೈಯಿಲ್ಲ. ಶಿವರಾತ್ರಿಗೆ ಸಾಲುಗಟ್ಟಿ ಬರುವ ಲಕ್ಷಾಂತರ ಜನರಲ್ಲಿ ಯಾರೂ ಆ ಮುಖಗಳಿಗೆ ಸಿಮೆಂಟಿನ ಮೂಗು ಮೆತ್ತಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಪುರಾತತ್ವ ಇಲಾಖೆಯವರು ಕಲ್ಲು ಬೀಳದಂತೆ ಆಧಾರ ಕೊಡುತ್ತಾರೆ, ಬೋರ್ಡು ಹಾಕುತ್ತಾರೆ. ಕಾಮಿಕ್ಸ್ ಕಾಗದದ್ದು, ಎರಡು ರೂಪಾಯಿಯದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಈ ಮರ್ಯಾದೆ ಬೇಡವೇ?

‘ಮುಟ್ಟಬೇಡಿ’ ಎನ್ನುವವರಿಗೂ ನನ್ನದೊಂದು ಮಾತಿದೆ. ಅಮರ ಚಿತ್ರಕಥೆಯನ್ನು ನಾನು ಪ್ರೀತಿಸುತ್ತೇನೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ ಹನ್ನೆರಡರ ಪ್ರಾಯಕ್ಕೆ ಮುಂಬಯಿಗೆ ಬಂದ ಅನಂತ ಪೈ ನಮ್ಮಂಥ ವಲಸೆಯವರ ಮಕ್ಕಳಿಗೆ ಪುರಾಣವನ್ನೂ ಇತಿಹಾಸವನ್ನೂ ಮೂವತ್ತೆರಡು ಪುಟಗಳಲ್ಲಿ ಕೊಟ್ಟರು. ಅವರ ಋಣ ದೊಡ್ಡದು. ಹಾಗೆಂದು ಆ ಪುಸ್ತಕಗಳಲ್ಲಿ ದೇವತೆಗಳು ಗೋಧಿ ಬಣ್ಣ, ರಾಕ್ಷಸರು ಕಪ್ಪು ಎಂಬುದನ್ನು ಕಂಡೂ ಕಾಣದಂತೆ ಇರಲಾರೆ. ಕಪ್ಪು ಮೈಯ ಮಗು ಆ ಪುಟದಲ್ಲಿ ತನ್ನನ್ನು ಎಲ್ಲಿ ಹುಡುಕಬೇಕು? ಚಿತೆ ಹತ್ತುವ ರಾಣಿಯರನ್ನು ಸುಂದರಿಯರಾಗಿ ಬಿಡಿಸಿದ ಪುಟವನ್ನು ಹೆಣ್ಣುಮಕ್ಕಳ ಕೈಗೆ ಯಾವ ಮಾತೂ ಇಲ್ಲದೆ ಕೊಡಬೇಕೆ? ನಂದಿನಿ ಚಂದ್ರ ಮತ್ತು ಕಾರ್ಲಿನ್ ಮೆಕ್ಲೇನ್ ಈ ಬಗ್ಗೆ ಒಂದೊಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅಂಬೇಡ್ಕರ್ ಅವರ ಮೇಲೆ ಅಮರ ಚಿತ್ರಕಥೆ 1979ರಲ್ಲಿ ಪುಸ್ತಕ ತಂದಿತ್ತು. 2011ರಲ್ಲಿ ಗೋಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅದೇ ಅಂಬೇಡ್ಕರ್ ಅವರ ಬದುಕನ್ನು ‘ಭೀಮಾಯಣ’ವಾಗಿ ಬಿಡಿಸಿದರು. ಹಳೆಯದರ ಒಂದು ಗೆರೆಯನ್ನೂ ಅವರು ಅಳಿಸಲಿಲ್ಲ. ಬೇರೆಯದೇ ಕೈಯಿಂದ, ಚೌಕಟ್ಟುಗಳನ್ನೇ ಒಡೆದು ಹೊಸದಾಗಿ ಬಿಡಿಸಿದರು. ಹಳೆಯ ಚಿತ್ರಕ್ಕೆ ಕೊಡಬೇಕಾದ ಉತ್ತರ ಅಂದರೆ ಇದು.

ಕುಂಚ ಎಂದೂ ಒಬ್ಬರ ಕೈಯಲ್ಲೇ ಇರುವುದಿಲ್ಲ. ಇಂದು ಒಳ್ಳೆಯ ಮನಸ್ಸಿನವರು ಬಂದೂಕು ಅಳಿಸುತ್ತಾರೆ. ನಾಳೆ ಬರುವವರು ಏನನ್ನು ಅಳಿಸುತ್ತಾರೆ? 2019ರಲ್ಲಿ ಕರ್ನಾಟಕ ಸರ್ಕಾರ ಟಿಪ್ಪು ಜಯಂತಿ ನಿಲ್ಲಿಸಿತು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ಎದ್ದಾಗ ಯಾವ ಪಾಠ ಹೋಯಿತು, ಯಾವುದು ಬಂತು ಎಂದು ತಿಂಗಳುಗಟ್ಟಲೆ ಬಡಿದಾಡಿದೆವು. ಅಷ್ಟಾದರೂ ಆದದ್ದು ಹಳೆಯ ಪಠ್ಯ ಎಲ್ಲರ ಮನೆಯಲ್ಲಿ ಇದ್ದುದರಿಂದ. ಅಮರ ಚಿತ್ರಕಥೆಯಲ್ಲಿ ಟಿಪ್ಪುವಿನ ಪುಸ್ತಕವೂ ಇದೆ. ಅದನ್ನು ಗುಟ್ಟಾಗಿ ತಿದ್ದುವ ಪದ್ಧತಿಗೆ ಇಂದು ನಾವೇ ಬಾಗಿಲು ತೆರೆದುಕೊಟ್ಟರೆ ನಾಳೆ ಯಾವ ಬಾಯಿಂದ ಬೇಡವೆನ್ನುವುದು? ಚಾಚಾ ಚೌಧರಿ 2021ರಲ್ಲಿ ನಮಾಮಿ ಗಂಗೆ ಯೋಜನೆಯ ಲಾಂಛನವಾದ. ನದಿ ಶುದ್ಧವಾಗಲಿ ಎಂಬುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅವನನ್ನು ಸೃಷ್ಟಿಸಿದ ಪ್ರಾಣ್ ಅವರು 2014ರಲ್ಲಿ ಕಣ್ಮುಚ್ಚಿದ ಮೇಲೆ, ಗಲ್ಲಿಯ ಸಾಮಾನ್ಯರ ಪರವಾಗಿ ನಿಲ್ಲುತ್ತಿದ್ದ ಆ ಮುದುಕನ ಬಾಯಲ್ಲಿ ಸರ್ಕಾರದ ಮಾತು ಹಾಕುವಾಗ ಎರಡು ಸಲ ಯೋಚಿಸಬೇಕಿತ್ತು.

2025ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯದೇ ಭಿವಂಡಿಯಲ್ಲಿ ಅಮರ ಚಿತ್ರಕಥೆಯ ಗೋದಾಮಿಗೆ ಬೆಂಕಿ ಬಿತ್ತು. ಲಕ್ಷಗಟ್ಟಲೆ ಪ್ರತಿಗಳು ಸುಟ್ಟವು. ಹಳೆಯ ಕಾಲದ ಮುದ್ರಣದ ಪಾಸಿಟಿವ್‌ಗಳೂ ಬೂದಿಯಾದವೆಂದು ಓದಿ ನನಗೆ ಅಂದು ರಾತ್ರಿ ಊಟ ಸೇರಲಿಲ್ಲ. ಸುಟ್ಟದ್ದನ್ನು ಮತ್ತೆ ಅಚ್ಚು ಹಾಕುವವರು ಯಾವುದನ್ನು ನೋಡಿ ಹಾಕುತ್ತಾರೆ? ಮನೆಮನೆಗಳಲ್ಲಿ ಉಳಿದಿರುವ ಹಳೆಯ ಪ್ರತಿಗಳನ್ನು ನೋಡಿಯೇ. ಆ ಪ್ರತಿಗಳನ್ನು ನಾವು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕುತ್ತಿದ್ದೇವೆ. ಡೊಂಬಿವಲಿ, ಕಲ್ಯಾಣದ ರದ್ದಿ ಅಂಗಡಿಗಳಲ್ಲಿ ಪತ್ರಿಕೆಗಳ ಕಟ್ಟಿನ ನಡುವಿನಿಂದ ಕನ್ನಡದ ಕಾಮಿಕ್ಸ್ ಎಳೆದು ತಂದವನು ನಾನು. ಒಂದರ ಮೇಲೆ ಯಾರೋ ಮಗು ಸೀಸದ ಕಡ್ಡಿಯಲ್ಲಿ ಫ್ಯಾಂಟಮ್‌ಗೆ ಮೀಸೆ ಬರೆದಿತ್ತು. ಮೀಸೆಯನ್ನು ನಾನು ಉಜ್ಜಲಿಲ್ಲ.

ಈ ವಿಷಯದಲ್ಲಿ ಕನ್ನಡಿಗರ ಹೊಣೆ ಬೇರೆಯವರಿಗಿಂತ ಹೆಚ್ಚು. ಅಮರ ಚಿತ್ರಕಥೆಯ ‘ಕೃಷ್ಣ’ನಿಗೆ 11ನೆಯ ಸಂಖ್ಯೆ ಯಾಕೆ ಬಂತು ಗೊತ್ತೇ? ಮೊದಲ ಹತ್ತು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡರೆಲ್ಲಾ ಮೊದಲಾದ ಪಶ್ಚಿಮದ ಕಿನ್ನರ ಕಥೆಗಳು ಕನ್ನಡ ಮಾತಿನ ಗುಳ್ಳೆಗಳೊಂದಿಗೆ ಅಚ್ಚಾದವು. ದೇಶದ ಅತಿ ದೊಡ್ಡ ಕಾಮಿಕ್ಸ್ ಮಾಲೆಯ ಬೇರು ನಮ್ಮ ಭಾಷೆಯಲ್ಲಿದೆ. ಇಂದು ಮುಂಬಯಿಯ ಯಾವ ಮಳಿಗೆಗೆ ಹೋದರೂ ನನ್ನ ಮೊಮ್ಮಗಳ ಕೈಗೆ ಆ ಮಾಲೆ ಸಿಗುವುದು ಇಂಗ್ಲಿಷಿನಲ್ಲಿ. ಕನ್ನಡ ಪುಸ್ತಕ ಪ್ರಾಧಿಕಾರವೋ ಯಾವುದಾದರೂ ವಿಶ್ವವಿದ್ಯಾಲಯವೋ ಈ ಹಳೆಯ ಕನ್ನಡ ಕಾಮಿಕ್ಸ್‌ಗಳನ್ನು ಕಲೆ ಹಾಕಿ ಸ್ಕ್ಯಾನ್ ಮಾಡಿಸಿ, ಒಂದು ಗೆರೆಯನ್ನೂ ತಿದ್ದದೆ, ಹಕ್ಕುದಾರರ ಒಪ್ಪಿಗೆ ಪಡೆದು ಹೊರತರಬೇಕು. ಮೊದಲ ಪುಟದಲ್ಲಿ ಅಚ್ಚಾದ ವರ್ಷ, ಚಿತ್ರ ಬರೆದವರ ಹೆಸರು, ಅಂದು ಕಣ್ಣಿಗೆ ಬೀಳದೆ ಇಂದು ಚುಚ್ಚುವ ಸಂಗತಿಗಳು, ಎಲ್ಲವೂ ನೇರ ಮಾತಿನಲ್ಲಿ ಇರಲಿ.

ನನ್ನ ಟ್ರಂಕಿನಲ್ಲಿ ಆ ಮೊದಲ ಹತ್ತರಲ್ಲಿ ಒಂದೂ ಇಲ್ಲ. ಇಷ್ಟು ವರ್ಷ ರದ್ದಿ ಅಂಗಡಿ ಸುತ್ತಿದರೂ ಕಣ್ಣಿಗೆ ಬಿದ್ದಿಲ್ಲ. ಬಸವನಗುಡಿಯ ಅಟ್ಟದಲ್ಲೋ ಧಾರವಾಡದ ಹಳೆಯ ಪೆಟ್ಟಿಗೆಯಲ್ಲೋ ಒಂದು ಪ್ರತಿ ಕುಳಿತಿರಬಹುದು. ಮನೆ ಖಾಲಿ ಮಾಡುವಾಗ ಸಿಕ್ಕರೆ, ಹಾಳೆ ಹರಿದಿದ್ದರೂ, ಮಕ್ಕಳು ಗೀಚಿದ್ದರೂ ದಯವಿಟ್ಟು ತೂಕಕ್ಕೆ ಹಾಕಬೇಡಿ.