ಹೂಳುವ ಮುನ್ನ ಮಾದರಿ ತೆಗೆಯಿರಿ: ರೇಬೀಸ್ ಮೂಲ ಪತ್ತೆಗೆ ಯಾದಗಿರಿ, ಶಹಾಪುರ, ಸುರಪುರದ ಹಕ್ಕೊತ್ತಾಯ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಹುಚ್ಚುನಾಯಿ ಕಚ್ಚಿದರೆ ಕಚ್ಚಿಸಿಕೊಂಡವರು ಸೂಜಿಗೆ ಓಡುತ್ತಾರೆ. ನಾಯಿ ಮಣ್ಣು ಸೇರುತ್ತದೆ. ಅದರ ಮಿದುಳಿನೊಂದಿಗೆ ರೋಗ ಬಂದ ದಾರಿಯ ಗುರುತೂ ಹೂತುಹೋಗುತ್ತದೆ. ರೇಬೀಸ್ ವೈರಾಣುವಿನ ಆರ್‌ಎನ್‌ಎ ಸುಮಾರು 12,000 ಅಕ್ಷರಗಳಷ್ಟು ಉದ್ದ. ಪ್ರಾಣಿಯಿಂದ ಪ್ರಾಣಿಗೆ ದಾಟುತ್ತ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಸಾಕಷ್ಟು ಮಾದರಿಗಳನ್ನು ಹೋಲಿಸಿದರೆ ಸುರಪುರದ ವೈರಾಣು ಅಲ್ಲಿಯದೇ ಹಳೆಯ ಸರಪಳಿಯೋ, ತೆಲಂಗಾಣದ ನಾರಾಯಣಪೇಟೆ ಕಡೆಯಿಂದ ಗಡಿ ದಾಟಿದ್ದೋ ತಿಳಿದೀತು. ಆದ್ದರಿಂದ:

1. ಶಂಕಿತ ನಾಯಿ, ಎಮ್ಮೆ, ಆಕಳು ಸತ್ತಾಗ ಮಿದುಳಿನ ಮಾದರಿ ತೆಗೆಯದೆ ಹೂಳಬಾರದು. ಬುರುಡೆ ಒಡೆಯಲೇಬೇಕೆಂದಿಲ್ಲ, ತಲೆಯ ಹಿಂಬದಿಯ ರಂಧ್ರದಿಂದ ಪ್ಲಾಸ್ಟಿಕ್ ನಳಿಕೆ ತೂರಿಸಿ ಚೂರು ತೆಗೆಯಬಹುದು. ಮೂರೂ ತಾಲ್ಲೂಕುಗಳ ಪಶು ಆಸ್ಪತ್ರೆಗಳಿಗೆ ತರಬೇತಿ, ಕೈಗವಸು, ಐಸ್ ಪೆಟ್ಟಿಗೆ ಕೊಡಿ. ಈ ಕೆಲಸಕ್ಕೆ ಇಳಿಯುವವರಿಗೆ ಮೊದಲೇ ಲಸಿಕೆ ಹಾಕಿಸಿ.

2. ಪ್ರಾಣಿಗಳ ಮಾದರಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ, ಮನುಷ್ಯರದ್ದು ನಿಮ್ಹಾನ್ಸ್‌ಗೆ ಹೋಗಲಿ. ಸಾಗಣೆ ಖರ್ಚು ಜಿಲ್ಲಾಡಳಿತದ್ದು; ಎಮ್ಮೆ ಕಳೆದುಕೊಂಡ ರೈತನ ಕಿಸೆಗೆ ಕೈಹಾಕಬೇಡಿ. ರೋಗ ‘ಇದೆ’ ಎಂಬಲ್ಲಿಗೇ ಕಡತ ಮುಚ್ಚದೆ, ಖಚಿತವಾದ ಮಾದರಿಗಳ ಜೀನ್ ಅನುಕ್ರಮವನ್ನೂ ಓದಿಸಿ.

3. ಫಲಿತಾಂಶವನ್ನು ರಾಯಚೂರು, ಕಲಬುರಗಿ, ವಿಜಯಪುರ ಹಾಗೂ ತೆಲಂಗಾಣದ ನಾರಾಯಣಪೇಟೆಯೊಂದಿಗೆ ಹೋಲಿಸಿ. ಕುರಿಮಂದೆಯೊಂದಿಗೆ ನಾಯಿಗಳೂ ಊರೂರು ಸುತ್ತುತ್ತವೆ, ನಿಜ. ಹಾಗೆಂದು ಪುರಾವೆಯಿಲ್ಲದೆ ಕುರಿಗಾರರ ಮೇಲೆ ಗೂಬೆ ಕೂರಿಸಬೇಡಿ. ಅವರ ನಾಯಿಗಳಿಗೆ ಮಂದೆ ಬೀಡುಬಿಟ್ಟಲ್ಲೇ ಉಚಿತ ಲಸಿಕೆ ಹಾಕಿ.

4. ನಾಯಿಗಳನ್ನು ಕೊಲ್ಲುವುದರಿಂದ ಸರಪಳಿ ಕಡಿಯುವುದಿಲ್ಲ. ಶೇ 70ರಷ್ಟು ನಾಯಿಗಳಿಗೆ ಪ್ರತಿ ವರ್ಷ ಲಸಿಕೆ ಆಗಲಿ. ಆಮೇಲೂ ರೋಗ ಕಂಡರೆ ಅನುಕ್ರಮ ನೋಡಿ ನಿರ್ಧರಿಸಿ: ಅದೇ ಹಳೆಯ ಸರಪಳಿಯಾದರೆ ಊರೊಳಗಿನ ಲಸಿಕೆ ಸಾಲದು, ಹೊಸದಾದರೆ ಹಣ ಗಡಿ ಹಳ್ಳಿಗಳಿಗೆ ಹೋಗಬೇಕು. ನಮ್ಮ ಒತ್ತಾಯದ ತಿರುಳೇ ಇದು.

5. ಯಾವ ವರದಿಗೂ ಕಾಯದೆ, ಕಚ್ಚಿಸಿಕೊಂಡವರಿಗೆ ಆ ದಿನವೇ ಲಸಿಕೆ, ಚರ್ಮ ಸೀಳಿ ರಕ್ತ ಬಂದ ಗಾಯವಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ತಾಲ್ಲೂಕಿನಲ್ಲೇ ಸಿಗಬೇಕು. 15 ನಿಮಿಷ ಸೋಪುನೀರಿನಲ್ಲಿ ಗಾಯ ತೊಳೆಯುವುದನ್ನು ಶಾಲೆಗಳಲ್ಲಿ ಕಲಿಸಿ.

6. ಮನುಷ್ಯರ ರೇಬೀಸ್ ರಾಜ್ಯದಲ್ಲಿ 2022ರಿಂದ ಅಧಿಸೂಚಿತ ರೋಗ. ಪ್ರಾಣಿಗಳ ದಾಖಲೆಯನ್ನೂ ಅದರೊಂದಿಗೆ ಸೇರಿಸಿ, ಮೃತರ ಗುರುತು ಮರೆಮಾಚಿ, ಗ್ರಾಮವಾರು ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಿ.

ರೇಬೀಸ್ ನಿರ್ಮೂಲನೆಗೆ ಕೇಂದ್ರದ ಕ್ರಿಯಾಯೋಜನೆಯ ಗಡುವು 2030. ನಮಗೆ ಮೊದಲ ನಕ್ಷೆ ಬರುವ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದೊಳಗೆ ಬೇಕು. ಲಿಖಿತ ಉತ್ತರ 30 ದಿನದಲ್ಲಿ.