ಕೂಗೂ ನುಡಿಯೂ

ಪ್ರಾಣಿಗಳು ಮೂಕವೆಂಬುದು ನಮ್ಮ ಅಹಂಭಾವದ ಮಾತು. ಜೇನುನೊಣವು ಗೂಡಿಗೆ ಮರಳಿ, ಕುಣಿದು, ಹೂವಿರುವ ದಿಕ್ಕನ್ನೂ ದೂರವನ್ನೂ ಒಡನಾಡಿಗಳಿಗೆ ಅರುಹುತ್ತದೆ. ಆ ಕುಣಿತದ ಅರ್ಥವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರು 1973ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಆಫ್ರಿಕದ ವರ್ವೆಟ್ ಕೋತಿಗಳು ಚಿರತೆಗೊಂದು, ಹದ್ದಿಗೊಂದು, ಹಾವಿಗೊಂದು ಎಂದು ಬೇರೆ ಬೇರೆ ಕೂಗುಗಳಿಂದ ತಮ್ಮವರನ್ನು ಎಚ್ಚರಿಸುತ್ತವೆ.

ಆದರೆ ಹಾವನ್ನು ಕಂಡು ಕೂಗುವ ಕೋತಿಯು ‘ನಿನ್ನೆ ಬಂದ ಹಾವು ಇಂದೇಕೆ ಬರಲಿಲ್ಲ?’ ಎಂದು ಕೇಳಲಾರದು. ಕಾಲ, ನಿಷೇಧ, ಪ್ರಶ್ನೆ ಈ ಮೂರೂ ಒಂದೇ ವಾಕ್ಯದಲ್ಲಿ ಕೂಡುವುದು ಮನುಷ್ಯನ ನುಡಿಯಲ್ಲಿ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಎಣಿಸಿದ ಶುದ್ಧಗೆಯ ಅಕ್ಷರಗಳು 47, ಬಿಡಿಯಾಗಿ ಹೆಚ್ಚಿನವಕ್ಕೆ ಅರ್ಥವಿಲ್ಲ. ಕೂಡಿಸಿದರೆ, ಹಿಂದೆ ಯಾರೂ ಆಡದ ವಾಕ್ಯಗಳನ್ನು ಎಣೆಯಿಲ್ಲದಷ್ಟು ಕಟ್ಟಬಹುದು.

ಈ ಶಕ್ತಿಯನ್ನು ನಮ್ಮ ತರಗತಿಗಳು ಬೆಳೆಸುತ್ತಿವೆಯೆ? ಅಚ್ಚಾದ ಉತ್ತರವನ್ನು ಒಪ್ಪಿಸುವ ಮಗುವಿಗೆ ಪೂರ್ಣಾಂಕ, ತನ್ನ ಮಾತಿನಲ್ಲಿ ತಡವರಿಸಿ ಪ್ರಶ್ನಿಸುವ ಮಗುವಿಗೆ ಗದರಿಕೆ ಎಂದಾದರೆ ಅದು ಗಿಳಿಪಾಠವೇ ಸರಿ. ಕಂಠಪಾಠವನ್ನು ನಾನು ಹಳಿಯಲಾರೆ. ಅದರಿಂದಲೇ ಓದಿ ಬಂದವನು. ಕಂಠಸ್ಥವಾದುದು ಬೀಜ, ಸ್ವಂತ ವಾಕ್ಯವೇ ಬೆಳೆ. ಆದುದರಿಂದ ಪುಸ್ತಕದಲ್ಲಿಲ್ಲದ ಒಂದು ವಾಕ್ಯವನ್ನಾದರೂ ಪ್ರತಿದಿನ ಪ್ರತಿಯೊಂದು ಮಗುವಿನಿಂದ ಆಡಿಸುವುದು ಉಪಾಧ್ಯಾಯರ ಮೊದಲ ಕರ್ತವ್ಯವೆಂದು ಭಾವಿಸುತ್ತೇನೆ.