ವ್ಯಾಕರಣಸೂತ್ರಕ್ಕೆ ಇನ್ನು ಕೆಲಸವಿಲ್ಲವೆ?

ಕನ್ನಡ ವಾಕ್ಯವನ್ನು ಇಂಗ್ಲಿಷಿಗೂ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೂ ಗಣಕಯಂತ್ರವು ಕ್ಷಣಮಾತ್ರದಲ್ಲಿ ತಿರುಗಿಸಿಕೊಡುವ ಕಾಲ ಬಂದಿದೆ. ಈ ಯಂತ್ರಕ್ಕೆ ಯಾರೂ ವ್ಯಾಕರಣದ ಪಾಠ ಹೇಳಿಲ್ಲ. ಬರಹದ ದೊಡ್ಡ ರಾಶಿಯನ್ನು ಅದರ ಮುಂದೆ ಸುರಿದು, ಮುಂದಿನ ಪದ ಯಾವುದಿರಬಹುದೆಂದು ಊಹಿಸುವ ಅಭ್ಯಾಸವನ್ನು ಮಾಡಿಸಿದ್ದಾರೆ, ಅಷ್ಟೆ. ಹೀಗಿರುವಾಗ ಭಾಷೆಯ ನಿಯಮಗಳನ್ನು ಗಣಿತದ ಸೂತ್ರಗಳಂತೆ ಬರೆದಿಡುವ ಶ್ರಮವೇತಕ್ಕೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಆ ಶ್ರಮ ವ್ಯರ್ಥವಲ್ಲವೆಂದೇ ನಮ್ಮ ಅಭಿಪ್ರಾಯ.

ಸೂತ್ರಪಕ್ಷದವರು ಒಮ್ಮೆ ಅತಿಯಾಗಿ ಹಿಗ್ಗಿದ್ದರೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರೂ ಐ.ಬಿ.ಎಂ. ಸಂಸ್ಥೆಯವರೂ ಕೂಡಿ, 60ಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಭಾಷಾಂತರ ಮಾಡಿಸಿದರು. ಯಂತ್ರಕ್ಕೆ ಗೊತ್ತಿದ್ದ ಪದಗಳು 250. ನಿಯಮಗಳು ಆರೇ ಆರು. ಇನ್ನು ಕೆಲವೇ ವರ್ಷಗಳಲ್ಲಿ ಭಾಷಾಂತರದ ಸಮಸ್ಯೆ ಬಗೆಹರಿದಂತೆಯೇ ಎಂದು ಎಣಿಸಿದರು. 1966ರಲ್ಲಿ ಅಮೆರಿಕದ ತಜ್ಞಸಮಿತಿಯೊಂದು, ಯಂತ್ರದ ಭಾಷಾಂತರವು ಮನುಷ್ಯನದಕ್ಕಿಂತ ನಿಧಾನ, ದುಬಾರಿ, ತಪ್ಪೂ ಹೆಚ್ಚು ಎಂದು ವರದಿ ಮಾಡಿತು. ಅಲ್ಲಿಗೆ ಸರ್ಕಾರದ ಹಣದ ಹೊಳೆ ಬತ್ತಿತು.

ಆದರೆ ಅದೇ ಕಾಲದಲ್ಲಿ ಇನ್ನೊಂದು ವಿಚಾರವೂ ನಡೆದಿತ್ತು. ಭಾಷೆಯ ವಾಕ್ಯಗಳನ್ನು ರಚಿಸಲು ಕಡೆಯ ಪಕ್ಷ ಎಂತಹ ಯಂತ್ರ ಬೇಕು ಎಂಬ ಪ್ರಶ್ನೆಯನ್ನು ನೋಮ್ ಚಾಮ್‌ಸ್ಕಿಯವರು 1957ರ ತಮ್ಮ ಪುಸ್ತಕದಲ್ಲಿ ಎತ್ತಿದರು. ಅವರು ಇಂಗ್ಲಿಷಿನಲ್ಲಿ ಕಂಡುದನ್ನು ನಾವು ಕನ್ನಡದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ‘ಅವನು ಬರುವನು’ ಎಂಬುದು ಒಂದು ವಾಕ್ಯ. ಇದನ್ನು ಇನ್ನೊಂದರ ಹೊಟ್ಟೆಯೊಳಗೆ ಇಟ್ಟರೆ ‘ಅವಳು ಅವನು ಬರುವನೆಂದು ಹೇಳಿದಳು’ ಎಂದಾಗುತ್ತದೆ. ಇದನ್ನು ಮತ್ತೊಂದರೊಳಗೆ ಇಡೋಣ: ‘ನಾವು ಅವಳು ಅವನು ಬರುವನೆಂದು ಹೇಳಿದಳೆಂದು ಕೇಳಿದೆವು.’ ಮಾತಿನಲ್ಲಿ ಹೀಗೆ ಯಾರೂ ತೊಡಕು ಮಾಡಿಕೊಳ್ಳುವುದಿಲ್ಲ. ಆದರೂ ವಾಕ್ಯ ತಪ್ಪಲ್ಲ. ಇಲ್ಲಿ ಕರ್ತೃಗಳು ಬಂದ ಕ್ರಮವೇನು? ನಾವು, ಅವಳು, ಅವನು. ಕ್ರಿಯಾಪದಗಳ ಪ್ರತ್ಯಯಗಳಾದರೋ ಸರಿಯಾಗಿ ತಿರುಗುಮುರುಗು: ಬರುವನು, ಹೇಳಿದಳು, ಕೇಳಿದೆವು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕೊನೆಗೆ ಇಟ್ಟುದನ್ನು ಮೊದಲು ತೆಗೆಯಬೇಕಾಗುತ್ತದೆಯಷ್ಟೆ, ಹಾಗೆಯೇ ಇದೂ.

ಗೋಡೆಯ ಸ್ವಿಚ್ಚಿಗೆ ಇರುವುದು ಎರಡೇ ಸ್ಥಿತಿ. ಫ್ಯಾನಿನ ರೆಗ್ಯುಲೇಟರಿಗೆ ಐದಾರು. ಹೀಗೆ ಗೊತ್ತಾದಷ್ಟೇ ಸ್ಥಿತಿಗಳುಳ್ಳ ಯಂತ್ರ ಎಷ್ಟೇ ದೊಡ್ಡದಿರಲಿ, ಅದಕ್ಕೆ ನೆನಪಿರುವ ತಟ್ಟೆಗಳಿಗಿಂತ ಒಂದು ಹೆಚ್ಚಾಗಿ ಪೇರಿಸಿ ನಾವು ಅದನ್ನು ಸೋಲಿಸಬಹುದು. ಆದುದರಿಂದ ಅಂತಹ ಯಂತ್ರ ಭಾಷೆಗೆ ಸಾಲದು. ಎರಡೇ ಹೆಜ್ಜೆಗಳ ಈ ಸಾಧನೆ ನಮಗೆ ಬಹಳ ಮೆಚ್ಚುಗೆಯದು. ಇದನ್ನು ಬರಹದ ರಾಶಿಯಲ್ಲಿ ಎಣಿಸಿ ಕಂಡುಕೊಳ್ಳಲಾಗದು. ಅಷ್ಟು ಆಳದ ವಾಕ್ಯಗಳನ್ನು ಯಾರೂ ಬರೆಯುವುದೇ ಇಲ್ಲವಲ್ಲ!

ಸೂತ್ರಕ್ಕೆ ಇನ್ನೊಂದು ಗುಣವುಂಟು: ತಪ್ಪಿದಾಗ ಅದು ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ. ಮಂಗಳಗ್ರಹದ ಸ್ಥಾನದಲ್ಲಿ ಕೆಪ್ಲರನ ಲೆಕ್ಕಕ್ಕೂ ಟೈಕೋ ಬ್ರಾಹೆಯ ವೀಕ್ಷಣೆಗೂ ಬಂದ ಅಂತರ ಒಂದು ಡಿಗ್ರಿಯ 60 ಪಾಲಿನಲ್ಲಿ 8 ಪಾಲು ಮಾತ್ರ. ಅಷ್ಟಕ್ಕೇ ಅವನು ವೃತ್ತವನ್ನು ಕೈಬಿಟ್ಟನು. 1609ರಲ್ಲಿ ದೀರ್ಘವೃತ್ತವನ್ನು ಲೋಕಕ್ಕೆ ಕೊಟ್ಟನು. ಇದೇ ಕಣ್ಣಿನಿಂದ ಕನ್ನಡವನ್ನು ನೋಡೋಣ. ಗಂಡಸಿಗೆ ‘ಬಂದನು’, ಹೆಂಗಸಿಗೆ ‘ಬಂದಳು’, ಉಳಿದುದಕ್ಕೆಲ್ಲ ‘ಬಂದಿತು’ ಎಂಬುದು ನಮ್ಮ ಸೂತ್ರವಾಗಿರಲಿ. ಮಳೆ ಬಂದಿತು, ಸರಿಯೇ. ನಕ್ಷತ್ರ ಮಿನುಗಿತು, ಅದೂ ಸರಿ. ಆದರೆ ಸೂರ್ಯನು ಮುಳುಗಿದನು, ಚಂದ್ರನು ಉದಯಿಸಿದನು. ಮನುಷ್ಯಜಾತಿಗೇ ಸೇರಿದ ಮಗುವಾದರೋ ಅತ್ತಿತು! ಸೂತ್ರ ಮುರಿಯಿತು. ಮುರಿದ ಜಾಗದಲ್ಲಿಯೇ ನಿಜವಾದ ಪ್ರಶ್ನೆ ಹುಟ್ಟಿತು: ಕನ್ನಡಿಗನ ಮನಸ್ಸು ಯಾರನ್ನು ವ್ಯಕ್ತಿಯೆಂದು ಎಣಿಸುತ್ತದೆ? ಕೇವಲ ಪ್ರತ್ಯಯದ ವಿಚಾರವೆಂದು ಹೊರಟವರು ಅರ್ಥದ ಬಾಗಿಲಿಗೆ ಬಂದು ನಿಂತೆವು. ಇಂದಿನ ಯಂತ್ರವೂ ‘ಮಗು ಅತ್ತಿತು’ ಎಂದೇ ಸರಿಯಾಗಿ ಬರೆಯುತ್ತದೆ; ಏಕೆಂಬುದು ಮಾತ್ರ ಅದರೊಳಗಿನ ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಹೂತುಹೋಗಿದೆ.

ಅರ್ಥಕ್ಕೂ ಸೂತ್ರ ಬರೆಯಬಹುದೆಂದು 1970ರ ಸುಮಾರಿನಲ್ಲಿ ರಿಚರ್ಡ್ ಮಾಂಟೆಗ್ಯೂ ಎಂಬ ತರ್ಕಶಾಸ್ತ್ರಜ್ಞರು ತೋರಿಸಿದರು. ‘ಪ್ರತಿಯೊಬ್ಬ ಹುಡುಗನೂ ಒಂದು ಪುಸ್ತಕವನ್ನು ಓದಿದನು’ ಎಂದರೆ ಎಲ್ಲರೂ ಓದಿದ್ದು ಒಂದೇ ಪುಸ್ತಕವೋ, ತಮ್ಮ ತಮ್ಮದೋ? ಇಂತಹ ಎರಡು ಅರ್ಥಗಳನ್ನೂ ಪದಗಳ ಅರ್ಥದಿಂದ ಹಂತಹಂತವಾಗಿ ಕಟ್ಟುವ ದಾರಿ ಅವರದು.

ನಮ್ಮಲ್ಲಿ ಪಾಣಿನಿಯ ಸುಮಾರು 4000 ಸೂತ್ರಗಳ ಹೆಸರೆತ್ತಿ ಹೆಮ್ಮೆಪಡುವವರು ಬಹಳ. ಹಳಗನ್ನಡಕ್ಕೆ ಸೂತ್ರ ಕಟ್ಟಿದ 13ನೆಯ ಶತಮಾನದ ಕೇಶಿರಾಜನನ್ನೂ ನೆನೆಯುತ್ತೇವೆ. ಮನೆಯಲ್ಲಿ ಇಂದು ಆಡುವ ಮಾತಿಗೆ ಹತ್ತು ಸೂತ್ರ ಬರೆದು ಪರೀಕ್ಷಿಸುವವರು ಎಷ್ಟು ಮಂದಿ? ಕನ್ನಡಕ್ಕಾದರೂ ಬರಹದ ರಾಶಿ ತಕ್ಕಮಟ್ಟಿಗೆ ಇದೆ. ತುಳು, ಕೊಡವ ಮುಂತಾದ ಭಾಷೆಗಳಲ್ಲಿ ಅದು ಬಹು ಸಣ್ಣದು. ಊಹೆಯ ಯಂತ್ರಕ್ಕೆ ಅಲ್ಲಿ ಹೊಟ್ಟೆ ತುಂಬದು. ಆ ಭಾಷೆಗಳನ್ನಾಡುವ ಮನೆಗಳ ವಿದ್ಯಾರ್ಥಿಗಳೇ ಈ ಕೆಲಸಕ್ಕೆ ಕೈಹಚ್ಚಬೇಕು. ಕನ್ನಡದವರು ‘ಮಗು’ವಿನಿಂದಲೇ ಆರಂಭಿಸಬಹುದು. ಒಂದು ಮಗು ‘ಬಂದಿತು’. ಬಹಳ ಮಕ್ಕಳಾದರೆ ‘ಬಂದರು’ ಎನ್ನುವವರೂ ಉಂಟು, ‘ಬಂದವು’ ಎನ್ನುವವರೂ ಉಂಟು. ನಿಮ್ಮ ಊರಿನಲ್ಲಿ ಯಾರು, ಯಾವಾಗ, ಯಾವುದನ್ನು ಹೇಳುತ್ತಾರೆಂದು ಒಂದು ವಾರ ಕಿವಿಗೊಟ್ಟು ಬರೆದುಕೊಳ್ಳಿರಿ. ಆಮೇಲೆ ಅದಕ್ಕೊಂದು ಸೂತ್ರ ಕಟ್ಟಿರಿ.